ನೀರಿನ ಗುಣನಿರ್ಣಯದಲ್ಲಿ ಸೂಚಕ ಸೂಕ್ಷ್ಮಜೀವಿಗಳು: ಅಹಮದಾಬಾದ್, ವಡೋದರಾ, ಸೂರತ್ ನಗರಗಳ ನಿದರ್ಶನ

1. ಪೀಠಿಕೆ

ಕುಡಿಯುವ ನೀರಿನ ಪರೀಕ್ಷೆಯೆಂದರೆ ರೋಗಾಣುಗಳ ಪರೀಕ್ಷೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. ನಗರಸಭೆಯ ಪ್ರಯೋಗಾಲಯವು ಪ್ರತಿದಿನ ಹುಡುಕುವುದು ಕಾಲರಾ, ವಿಷಮಶೀತಜ್ವರ ಅಥವಾ ಕಾಮಾಲೆಯ ಕಾರಕಗಳನ್ನಲ್ಲ. ಬಹುಮಟ್ಟಿಗೆ ನಿರುಪದ್ರವಿಗಳಾದ, ಮನುಷ್ಯ ಹಾಗೂ ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಗಳನ್ನು. ಇವು ಕಂಡುಬಂದರೆ ನೀರಿಗೆ ಮಲ ಬೆರೆತಿದೆ ಎಂದೂ, ಮಲ ಬೆರೆತಿದ್ದರೆ ರೋಗಾಣುಗಳೂ ಇರಬಹುದೆಂದೂ ಊಹಿಸಲಾಗುತ್ತದೆ. ಈ ಕಾರಣದಿಂದ ಅವುಗಳಿಗೆ ಸೂಚಕ ಸೂಕ್ಷ್ಮಜೀವಿಗಳೆಂದು ಹೆಸರು.

ಈ ಊಹೆಯ ಬಲವೆಷ್ಟು, ಅದರ ಮಿತಿಗಳಾವುವು, ಮಿತಿಯನ್ನು ಮೀರಲು ಇಂದು ದೊರೆತಿರುವ ಉಪಾಯಗಳೇನು ಎಂಬುದನ್ನು ಗುಜರಾತಿನ ಮೂರು ನಗರಗಳ ನಿದರ್ಶನಗಳಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಾಬರಮತಿಯ ದಡದ ಅಹಮದಾಬಾದ್, ವಿಶ್ವಾಮಿತ್ರಿಯ ದಡದ ವಡೋದರಾ, ತಾಪಿಯ ದಡದ ಸೂರತ್ - ಈ ಮೂರರ ನೀರಿನ ಮೂಲಗಳು ಬೇರೆ ಬೇರೆಯಾಗಿವೆ. ಹಾಗಾಗಿ ಸೂಚಕ ಪರೀಕ್ಷೆಯ ಮೂರು ಬಗೆಯ ಸಮಸ್ಯೆಗಳನ್ನು ಇವು ಪ್ರತ್ಯೇಕವಾಗಿ ತೋರಿಸಿಕೊಡುತ್ತವೆ. ಸೂಕ್ಷ್ಮಜೀವಿವಿಜ್ಞಾನದವರಲ್ಲದ ಸಂಶೋಧಕರನ್ನೂ ಗಮನದಲ್ಲಿರಿಸಿಕೊಂಡು ವಿಷಯವನ್ನು ನಿರೂಪಿಸಿದ್ದೇವೆ.

2. ಸೂಚಕದ ತರ್ಕ

1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತದ ಕೆರೆಯೊಂದರ ನೀರಿನಲ್ಲಿ ಕಾಲರಾದ ಅಲ್ಪವಿರಾಮಾಕಾರದ ಬ್ಯಾಕ್ಟೀರಿಯವನ್ನು ಗುರುತಿಸಿದನು. ಆ ಬಳಿಕ ರೋಗಾಣುವನ್ನೇ ನೇರವಾಗಿ ನೀರಿನಲ್ಲಿ ಹುಡುಕಬೇಕೆಂಬ ಆಸೆ ಸಹಜವಾಗಿತ್ತು. ಆದರೆ ಅದು ವ್ಯವಹಾರದಲ್ಲಿ ಕೈಗೂಡಲಿಲ್ಲ. ರೋಗಾಣುಗಳು ರೋಗಿಗಳಿದ್ದಾಗ ಮಾತ್ರ ನೀರನ್ನು ಸೇರುತ್ತವೆ. ಸೇರಿದಾಗಲೂ ಅವುಗಳ ಸಂಖ್ಯೆ ಅತ್ಯಲ್ಪ. ಪ್ರತಿಯೊಂದಕ್ಕೂ ಬೇರೆ ಬೇರೆ ಪೋಷಕ ಮಾಧ್ಯಮ ಬೇಕು. ಅವನ್ನು ಪತ್ತೆಮಾಡುವ ವೇಳೆಗೆ ರೋಗ ಹಬ್ಬಿಯಾಗಿರುತ್ತದೆ.

1885ರಲ್ಲಿ ಥಿಯೊಡೋರ್ ಎಶೆರಿಕ್ ಶಿಶುಗಳ ಮಲದಲ್ಲಿ ಕಂಡು ವರ್ಣಿಸಿದ ಬ್ಯಾಕ್ಟೀರಿಯವು ಇದಕ್ಕೆ ಪರಿಹಾರವಾಯಿತು. ಇಂದು ಎಶೆರಿಕಿಯ ಕೋಲಿ ಅಥವಾ ಇ. ಕೋಲಿ ಎಂದು ಕರೆಯಲಾಗುವ ಇದು ಆರೋಗ್ಯವಂತರ ಕರುಳಿನಲ್ಲಿಯೂ ಅಪಾರ ಸಂಖ್ಯೆಯಲ್ಲಿದೆ. ಇದನ್ನು ಮಲಮಾಲಿನ್ಯದ ಗುರುತಾಗಿ ಬಳಸಬಹುದೆಂದು 1892ರಲ್ಲಿ ಷಾರ್ಡಿಂಗರ್ ಸೂಚಿಸಿದನು. ಅಲ್ಲಿಂದ ಮುಂದೆ ನೀರಿನ ಪರೀಕ್ಷೆಯು ರೋಗಾಣುವಿನ ಶೋಧದಿಂದ ಸೂಚಕದ ಶೋಧಕ್ಕೆ ಹೊರಳಿತು.

ನಮ್ಮ ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಇದನ್ನು ಅನುಮಾನಪ್ರಮಾಣವೆನ್ನಬಹುದು. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಇ. ಕೋಲಿಯಿಂದ ಮಲಮಾಲಿನ್ಯವನ್ನು ಊಹಿಸುತ್ತೇವೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ವ್ಯಾಪ್ತಿ. ಆದರೆ ಹೊಗೆಯಿಲ್ಲದಲ್ಲಿ ಬೆಂಕಿಯಿಲ್ಲ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದೆಯೂ ಬೆಂಕಿಯುಂಟೆಂದು ನೈಯಾಯಿಕರೇ ಎಚ್ಚರಿಸಿದ್ದಾರೆ. ನೀರಿನ ಪರೀಕ್ಷೆಯಲ್ಲಿ ಆಗುವ ದೊಡ್ಡ ಪ್ರಮಾದಗಳೆಲ್ಲ ಈ ಎರಡನೆಯ ಮಾತನ್ನು ಮರೆತುದರಿಂದ ಆದವು.

ಉತ್ತಮ ಸೂಚಕಕ್ಕೆ ಇರಬೇಕಾದ ಲಕ್ಷಣಗಳನ್ನು ಹೀಗೆ ಸಂಗ್ರಹಿಸಬಹುದು: ಮಲದಲ್ಲಿ ಸದಾ ಇರಬೇಕು, ಬೇರೆಡೆ ಇರಬಾರದು, ರೋಗಾಣುಗಳಿಗಿಂತ ಹೆಚ್ಚಿನ ಸಂಖ್ಯೆಯಲ್ಲಿರಬೇಕು, ನೀರಿನಲ್ಲಿ ವೃದ್ಧಿಯಾಗಬಾರದು, ಕ್ಲೋರಿನ್ನಿಗೆ ರೋಗಾಣುಗಳಷ್ಟಾದರೂ ತಡೆದುಕೊಳ್ಳಬೇಕು, ಪರೀಕ್ಷೆ ಸುಲಭವೂ ಅಗ್ಗವೂ ಆಗಿರಬೇಕು. ಈ ಎಲ್ಲವನ್ನೂ ಪೂರೈಸುವ ಜೀವಿ ಯಾವುದೂ ಇಲ್ಲ. ಒಟ್ಟು ಕೊಲಿಫಾರ್ಮ್ ಗುಂಪಿನ ಹಲವು ಸದಸ್ಯರು ಮಣ್ಣಿನಲ್ಲಿಯೂ ಸಸ್ಯಗಳಲ್ಲಿಯೂ ಇದ್ದಾರೆ. ಇ. ಕೋಲಿಯೇ ಉಷ್ಣವಲಯದ ತೇವದ ಮಣ್ಣಿನಲ್ಲಿ ನೆಲೆಯೂರಬಲ್ಲದು. ಆದುದರಿಂದ ಮಲಮೂಲದ ಎಂಟರೊಕಾಕಸ್‌ಗಳು, ಗಟ್ಟಿ ಬೀಜಾಣುಗಳನ್ನು ರೂಪಿಸುವ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್, ಇ. ಕೋಲಿಯನ್ನು ಆಕ್ರಮಿಸುವ ಬ್ಯಾಕ್ಟೀರಿಯಭಕ್ಷಕ ವೈರಸ್‌ಗಳು ಇವನ್ನು ಪೂರಕ ಸೂಚಕಗಳಾಗಿ ಬಳಸುತ್ತಾರೆ.

3. ಪರೀಕ್ಷಾವಿಧಾನಗಳು

ಮಾದರಿಯ ಸಂಗ್ರಹಣೆಯಿಂದಲೇ ಪರೀಕ್ಷೆ ಮೊದಲಾಗುತ್ತದೆ. ಕ್ರಿಮಿಶುದ್ಧವಾದ ಸೀಸೆಯಲ್ಲಿ ಸ್ವಲ್ಪ ಸೋಡಿಯಂ ಥಯೊಸಲ್ಫೇಟ್ ಇರಬೇಕು. ಇಲ್ಲವಾದರೆ ನೀರಿನಲ್ಲಿ ಉಳಿದ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತ ಹೋಗಿ, ಕೊಳಾಯಿಯಲ್ಲಿ ಕಲುಷಿತವಾಗಿದ್ದ ನೀರು ಪ್ರಯೋಗಾಲಯವನ್ನು ಮುಟ್ಟುವಾಗ ನಿರ್ದೋಷಿಯಾಗಿ ಕಾಣುತ್ತದೆ. ಗುಜರಾತಿನ ಬೇಸಗೆಯಲ್ಲಿ ಮಾದರಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸಾಗಿಸದಿದ್ದರೆ ಇದಕ್ಕೆ ವಿರುದ್ಧವಾದ ದೋಷ, ಅಂದರೆ ಬ್ಯಾಕ್ಟೀರಿಯಗಳ ವೃದ್ಧಿ, ಸಂಭವಿಸಬಹುದು.

ಹಳೆಯದಾದರೂ ಇಂದಿಗೂ ಬಳಕೆಯಲ್ಲಿರುವ ವಿಧಾನ ಬಹುಪ್ರನಾಳ ವಿಧಾನ. ಲ್ಯಾಕ್ಟೋಸ್ ಸಕ್ಕರೆಯುಳ್ಳ ದ್ರವಮಾಧ್ಯಮದ ಪ್ರನಾಳಗಳಿಗೆ ನೀರನ್ನು ಸೇರಿಸಿ 24ರಿಂದ 48 ಗಂಟೆ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಲಾಗುತ್ತದೆ. ಒಳಗೆ ಬೋರಲಾಗಿಟ್ಟ ಪುಟ್ಟ ಡರ್ಹಮ್ ನಳಿಕೆಯಲ್ಲಿ ಅನಿಲ ಸೇರಿದರೆ ಅದು ಊಹಾತ್ಮಕ ಧನಫಲ. ಅನಂತರ ಬೇರೆ ಮಾಧ್ಯಮದಲ್ಲಿಯೂ, 44.5 ಡಿಗ್ರಿಯ ಶಾಖದಲ್ಲಿಯೂ ಇದನ್ನು ದೃಢಪಡಿಸಿಕೊಳ್ಳಬೇಕು. ಇಲ್ಲಿ ಬ್ಯಾಕ್ಟೀರಿಯಗಳನ್ನು ಎಣಿಸುವುದಿಲ್ಲ. ಎಷ್ಟು ಪ್ರನಾಳಗಳು ಧನಫಲ ಕೊಟ್ಟವು ಎಂಬುದರಿಂದ ಅತ್ಯಂತ ಸಂಭಾವ್ಯ ಸಂಖ್ಯೆಯನ್ನು ಲೆಕ್ಕಹಾಕುತ್ತಾರೆ. ತಲಾ 10 ಮಿ.ಲೀ. ನೀರಿನ ಐದು ಪ್ರನಾಳಗಳಲ್ಲಿ ಒಂದು ಮಾತ್ರ ಧನವಾದರೆ 100 ಮಿ.ಲೀ.ಗೆ 2.2, ಎರಡಾದರೆ 5.1, ಮೂರಾದರೆ 9.2, ನಾಲ್ಕಾದರೆ 16 ಎಂದು ಬರುತ್ತದೆ. ಐದೂ ಧನವಾದರೆ 16ಕ್ಕಿಂತ ಹೆಚ್ಚೆಂದು ಮಾತ್ರ ಹೇಳಬಹುದು. ದಶಮಾಂಶದೊಡನೆ ಬರುವ ಈ ಅಂಕಿಗಳು ಎಣಿಕೆಯಲ್ಲ, ಸಂಭಾವ್ಯತೆಯ ಅಂದಾಜು ಎಂಬುದು ವರದಿಗಳನ್ನು ಓದುವವರ ನೆನಪಿನಲ್ಲಿರಬೇಕು.

ಎರಡನೆಯದು ಪೊರೆಶೋಧಕ ವಿಧಾನ. 100 ಮಿ.ಲೀ. ನೀರನ್ನು 0.45 ಮೈಕ್ರಾನ್ ರಂಧ್ರಗಳ ತೆಳುಪೊರೆಯ ಮೂಲಕ ಹಾಯಿಸಿದಾಗ ಬ್ಯಾಕ್ಟೀರಿಯಗಳು ಪೊರೆಯ ಮೇಲೆ ಉಳಿಯುತ್ತವೆ. ಪೊರೆಯನ್ನು ಮಾಧ್ಯಮದ ಮೇಲಿರಿಸಿದರೆ ಒಂದೊಂದು ಜೀವಕೋಶವೂ ಕಣ್ಣಿಗೆ ಕಾಣುವ ಒಂದೊಂದು ಕಾಲೊನಿಯಾಗಿ ಬೆಳೆಯುತ್ತದೆ. ಮೂರನೆಯದು ಕಿಣ್ವಾಧಾರಿತ ವಿಧಾನ. ಕೊಲಿಫಾರ್ಮ್‌ಗಳ ಕಿಣ್ವವೊಂದು ಮಾಧ್ಯಮವನ್ನು ಹಳದಿಯಾಗಿಸಿದರೆ, ಇ. ಕೋಲಿಯ ಮತ್ತೊಂದು ಕಿಣ್ವವು ಅತಿನೇರಳೆ ಬೆಳಕಿನಲ್ಲಿ ನೀಲಿ ಹೊಳಪನ್ನುಂಟುಮಾಡುತ್ತದೆ. ಒಂದೇ ದಿನದಲ್ಲಿ ಎರಡೂ ಫಲಿತಾಂಶ ದೊರೆಯುತ್ತವೆ. ಆದರೆ ತೀವ್ರ ರಕ್ತಭೇದಿಯನ್ನುಂಟುಮಾಡುವ ಇ. ಕೋಲಿ ಒ157 ತಳಿಯಲ್ಲಿ ಈ ಎರಡನೆಯ ಕಿಣ್ವದ ಚಟುವಟಿಕೆ ಸಾಮಾನ್ಯವಾಗಿ ಕಾಣದು. ಆದುದರಿಂದ ಕುಲದ ಸಾಧುಸದಸ್ಯರನ್ನು ಹಿಡಿಯುವ ಪರೀಕ್ಷೆಯು ದುಷ್ಟಸದಸ್ಯನನ್ನು ಬಿಟ್ಟುಬಿಡಬಹುದು.

ಪ್ರಯೋಗಾಲಯವಿಲ್ಲದ ಊರುಗಳಿಗೆ ಭಾರತದಲ್ಲಿಯೇ ರೂಪುಗೊಂಡ ವಿಧಾನವೊಂದಿದೆ. ಗ್ವಾಲಿಯರಿನ ರಕ್ಷಣಾ ಸಂಶೋಧನ ಸಂಸ್ಥೆಯ ಮಂಜ, ಮೌರ್ಯ ಹಾಗೂ ರಾವ್ ಅವರು 1982ರಲ್ಲಿ ಪ್ರಕಟಿಸಿದ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯಲ್ಲಿ ಔಷಧಿ ಸವರಿದ ಕಾಗದದ ಪಟ್ಟಿಯಿರುವ ಸೀಸೆಗೆ ನೀರು ತುಂಬಿಸಿಡಬೇಕು. ನೀರು ಕಪ್ಪಾದರೆ ಮಲಮಾಲಿನ್ಯದ ಶಂಕೆ. ಸಂಖ್ಯೆಯನ್ನು ಕೊಡದಿದ್ದರೂ ಹಳ್ಳಿಯವರೇ ನೋಡಿ ಅರ್ಥಮಾಡಿಕೊಳ್ಳಬಹುದಾದ ಪರೀಕ್ಷೆಯಿದು.

ಭಾರತೀಯ ಮಾನಕ ಐಎಸ್ 10500ರ 2012ರ ಪರಿಷ್ಕರಣದ ಪ್ರಕಾರ ಕುಡಿಯುವ ನೀರಿನ ಯಾವುದೇ 100 ಮಿ.ಲೀ. ಮಾದರಿಯಲ್ಲಿ ಇ. ಕೋಲಿ ಅಥವಾ ಉಷ್ಣಸಹಿಷ್ಣು ಕೊಲಿಫಾರ್ಮ್ ಪತ್ತೆಯಾಗಬಾರದು. ಇಲ್ಲಿ ‘ಪತ್ತೆಯಾಗಬಾರದು’ ಎಂಬ ಕ್ರಿಯಾಪದವನ್ನು ಗಮನಿಸಬೇಕು. ನೀರಿನಲ್ಲಿ ಸರಾಸರಿ 100 ಮಿ.ಲೀ.ಗೆ ಒಂದು ಇ. ಕೋಲಿ ಚದುರಿದ್ದರೂ, ಒಂದು ಮಾದರಿಯಲ್ಲಿ ಅದು ಸಿಕ್ಕದೆ ಹೋಗುವ ಸಂಭವ ನೂರಕ್ಕೆ ಸುಮಾರು 37. ಅಂತಹ ಮೂರು ಮಾದರಿಗಳನ್ನು ತೆಗೆದರೆ ಮೂರರಲ್ಲಿಯೂ ಸಿಕ್ಕದಿರುವ ಸಂಭವ ನೂರಕ್ಕೆ ಸುಮಾರು 5ಕ್ಕೆ ಇಳಿಯುತ್ತದೆ. ಒಂದು ದಿನದ ಒಂದು ಸೊನ್ನೆಗಿಂತ ಹಲವು ಸ್ಥಳಗಳ, ಹಲವು ದಿನಗಳ ಸೊನ್ನೆಗೆ ಬೆಲೆ ಹೆಚ್ಚು.

4. ಅಹಮದಾಬಾದ್: ಹೊಗೆಯಿಲ್ಲದ ಬೆಂಕಿ

ಅಹಮದಾಬಾದಿನ ಹಳೆಯ ಪೋಳ್‌ಗಳ ಮನೆಗಳಲ್ಲಿ ಮಳೆನೀರನ್ನು ಸಂಗ್ರಹಿಸುವ ನೆಲದಡಿಯ ಟಾಂಕಾಗಳಿದ್ದುವು. ಗಿರಣಿ ಉದ್ಯಮದ ಸ್ಥಾಪಕರಾದ ರಣಛೋಡಲಾಲ್ ಛೋಟಾಲಾಲ್ ಅವರು ನಗರಸಭೆಯ ಮುಖ್ಯಸ್ಥರಾಗಿದ್ದಾಗ, ತೀವ್ರ ವಿರೋಧದ ನಡುವೆಯೂ ಕೊಳಾಯಿ ನೀರು ಹಾಗೂ ನೆಲದಡಿಯ ಚರಂಡಿಗಳ ಯೋಜನೆಯನ್ನು ಕೈಗೊಂಡರು; 1890ರ ದಶಕದ ಆರಂಭದಲ್ಲಿ ದೂಧೇಶ್ವರದ ನೀರು ನಗರಕ್ಕೆ ಹರಿಯಿತು. ಕಾಲಾನಂತರದಲ್ಲಿ ನೀರಿನ ಕೊಳವೆ ಮತ್ತು ಚರಂಡಿ ಕೊಳವೆ ಒಂದೇ ಇಕ್ಕಟ್ಟಾದ ಓಣಿಯಲ್ಲಿ ಅಕ್ಕಪಕ್ಕದಲ್ಲಿ ಹಾಯುವ ಸ್ಥಿತಿ ಭಾರತದ ಎಲ್ಲ ಹಳೆಯ ನಗರಗಳಲ್ಲಿಯಂತೆ ಇಲ್ಲಿಯೂ ಉಂಟಾಯಿತು. ದಿನದಲ್ಲಿ ಕೆಲವೇ ಗಂಟೆ ನೀರು ಬಿಡುವ ಪದ್ಧತಿಯಲ್ಲಿ ಕೊಳವೆ ಬರಿದಾದಾಗ ಒಳಗಿನ ಒತ್ತಡ ಕುಸಿದು, ಬಿರುಕುಗಳ ಮೂಲಕ ಹೊರಗಿನ ಕೊಳಚೆ ಒಳನುಗ್ಗುತ್ತದೆ. ಶುದ್ಧೀಕರಣ ಕೇಂದ್ರದಲ್ಲಿ ನಿರ್ದೋಷವಾಗಿದ್ದ ನೀರು ಮನೆಯ ಕೊಳಾಯಿಯಲ್ಲಿ ಹಾಗಿರಬೇಕೆಂದಿಲ್ಲ.

1975-76ರಲ್ಲಿ ಈ ನಗರದಲ್ಲಿ ಕಾಮಾಲೆ ವ್ಯಾಪಕವಾಗಿ ಹಬ್ಬಿತು. ಇದಕ್ಕೆ ಇಪ್ಪತ್ತು ವರ್ಷ ಮೊದಲು, 1955-56ರಲ್ಲಿ, ದೆಹಲಿಯಲ್ಲಿ ಸಂಭವಿಸಿದ ಕಾಮಾಲೆಯ ಮಹಾಮಾರಿಯೊಡನೆ ಇದನ್ನು ಇಟ್ಟು ನೋಡಬೇಕು. ದೆಹಲಿಯಲ್ಲಿ ನಜಫ್‌ಗಢ ನಾಲೆಯ ಕೊಳಚೆ ಯಮುನೆಯ ವಜೀರಾಬಾದ್ ಸೇದುಕೇಂದ್ರದವರೆಗೆ ಹಿಂದೊತ್ತಿ ಬಂದಾಗ, ಅಧಿಕಾರಿಗಳು ಕ್ಲೋರಿನ್ ಪ್ರಮಾಣವನ್ನು ಹೆಚ್ಚಿಸಿದರು. ಬ್ಯಾಕ್ಟೀರಿಯಗಳು ಸತ್ತುವು, ವಿಷಮಶೀತಜ್ವರವಾಗಲಿ ಆಮಶಂಕೆಯಾಗಲಿ ಹೆಚ್ಚಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ಸುಮಾರು 29,300 ಮಂದಿ ಕಾಮಾಲೆಗೆ ತುತ್ತಾದರು. ಬ್ಯಾಕ್ಟೀರಿಯವನ್ನು ತಡೆದ ಕ್ಲೋರಿನ್ ವೈರಸನ್ನು ತಡೆದಿರಲಿಲ್ಲ.

ಈ ಎರಡೂ ಮಹಾಮಾರಿಗಳನ್ನು ಬಹುಕಾಲ ಹೆಪಟೈಟಿಸ್ ಎ ಎಂದೇ ಭಾವಿಸಲಾಗಿತ್ತು. ಆದರೆ ರೋಗಿಗಳಿಂದ ಸಂಗ್ರಹಿಸಿದ್ದ ರಕ್ತಸಾರವನ್ನು ಕಾಪಾಡಿಡಲಾಗಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಶ್ರೀನಿವಾಸನ್, ಖುರ್ಷೆದ್ ಪಾವ್ರಿ ಮೊದಲಾದವರು ಅಮೆರಿಕದ ವಾಂಗ್ ಮತ್ತು ಪರ್ಸೆಲ್ ಅವರೊಡನೆ ಸೇರಿ, ದೆಹಲಿ, ಅಹಮದಾಬಾದ್ ಹಾಗೂ ಪುಣೆಯ ಮಾದರಿಗಳನ್ನು ಪರೀಕ್ಷಿಸಿ 1980ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು: ಇದು ಎ ಅಲ್ಲ, ಬಿ ಅಲ್ಲ, ಬೇರೊಂದು ವೈರಸ್. 1983ರಲ್ಲಿ ಈ ವೈರಸ್ಸಿನ ಕಣಗಳು ಸೂಕ್ಷ್ಮದರ್ಶಕದಲ್ಲಿ ಕಂಡುವು. 1990ರಲ್ಲಿ ಅದರ ಜೀನ್‌ಗಳ ಅಧ್ಯಯನ ಸಾಧ್ಯವಾಗಿ ಹೆಪಟೈಟಿಸ್ ಇ ಎಂಬ ಹೆಸರು ಸ್ಥಿರವಾಯಿತು. ಸಾಮಾನ್ಯರಲ್ಲಿ ತಾನಾಗಿಯೇ ಗುಣವಾಗುವ ಈ ರೋಗ ಗರ್ಭಿಣಿಯರಲ್ಲಿ, ವಿಶೇಷವಾಗಿ ಕೊನೆಯ ತಿಂಗಳುಗಳಲ್ಲಿ, ಮಾರಕವಾಗುತ್ತದೆ. ಸೂಚಕ ಪರೀಕ್ಷೆಯ ಮಿತಿಯು ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಭಾರತೀಯ ಮಾನಕವು ಉಳಿಕೆ ಕ್ಲೋರಿನ್ ಸಾಮಾನ್ಯವಾಗಿ ಲೀಟರಿಗೆ 0.2 ಮಿಲಿಗ್ರಾಮ್ ಇರಬೇಕೆಂದೂ, ವೈರಸ್‌ಗಳಿಂದ ರಕ್ಷಣೆ ಬೇಕಾದಾಗ ಅದು 0.5 ಮಿಲಿಗ್ರಾಮ್‌ಗೆ ಕಡಿಮೆಯಾಗಬಾರದೆಂದೂ ವಿಧಿಸುವುದರ ಹಿಂದೆ ಇಂತಹ ಅನುಭವವಿದೆ. ಕ್ಲೋರಿನ್ ಸಾಕಾಗದ ರೋಗಾಣುಗಳೂ ಉಂಟು. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶಜೀವಿಯಿಂದ ಸುಮಾರು 4 ಲಕ್ಷ ಜನರು ಅತಿಸಾರಕ್ಕೆ ಒಳಗಾದಾಗ ಅಲ್ಲಿಯ ನೀರು ಕೊಲಿಫಾರ್ಮ್ ಮಾನಕವನ್ನು ಪೂರೈಸುತ್ತಲೇ ಇತ್ತು.

5. ವಡೋದರಾ: ಮರಳಿನ ಶೋಧಕ

ವಡೋದರಾ ನಗರಕ್ಕೆ ಮೂರನೆಯ ಸಯಾಜಿರಾವ್ ಗಾಯಕವಾಡರ ಆಳ್ವಿಕೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಿರ್ಮಾಣವಾದ ಆಜ್ವಾ ಸರೋವರವು ಮೊದಲ ಆಧಾರ. ಅನಂತರ ಮಹೀ ನದಿಯ ಪಾತ್ರದಲ್ಲಿ ಫಾಜಲ್‌ಪುರ, ರಾಯ್ಕಾ, ದೋಡ್ಕಾ, ಪೋಯ್ಚಾ ಎಂಬಲ್ಲಿ ಫ್ರೆಂಚ್ ಬಾವಿಗಳು ಬಂದುವು. ಅಗಲವಾದ ಕಾಂಕ್ರೀಟ್ ಬಾವಿಯ ತಳದಿಂದ ನದಿಯ ಮರಳಿನೊಳಗೆ ಅಡ್ಡಲಾಗಿ ಚಾಚಿದ ರಂಧ್ರಕೊಳವೆಗಳ ಮೂಲಕ ನೀರನ್ನು ಸೇದುವ ವ್ಯವಸ್ಥೆಯಿದು. ನದಿಯ ನೀರು ಮರಳನ್ನು ಹಾದು ಬರುವಾಗ ದೊಡ್ಡ ಕಣಗಳು ಸಿಕ್ಕಿಬೀಳುತ್ತವೆ, ಕೆಲವು ಮರಳಿಗೆ ಅಂಟಿಕೊಳ್ಳುತ್ತವೆ, ಮತ್ತೆ ಕೆಲವು ದಾರಿಯಲ್ಲಿಯೇ ಸಾಯುತ್ತವೆ.

ಇಲ್ಲಿ ಗಾತ್ರದ ಪ್ರಶ್ನೆ ಮುಖ್ಯ. ಕ್ರಿಪ್ಟೊಸ್ಪೊರಿಡಿಯಂ ಕೋಶ ಸುಮಾರು 5 ಮೈಕ್ರಾನ್, ಇ. ಕೋಲಿ ಒಂದೆರಡು ಮೈಕ್ರಾನ್. ಹೆಪಟೈಟಿಸ್ ಇ ವೈರಸ್ ಸುಮಾರು 0.03 ಮೈಕ್ರಾನ್. ಮರಳು ಮೊದಲಿನದನ್ನು ಚೆನ್ನಾಗಿ ತಡೆಯುತ್ತದೆ. ವೈರಸ್ ಹೆಚ್ಚು ದೂರ ಸಾಗಬಲ್ಲದು. ನಾವು ಮೇಲೆ ವಿವರಿಸಿದ ಪೊರೆಶೋಧಕದ 0.45 ಮೈಕ್ರಾನ್ ರಂಧ್ರದಲ್ಲಿಯೂ ಅದು ನಿರಾಯಾಸವಾಗಿ ಹಾದುಹೋಗುತ್ತದೆ. ಆದುದರಿಂದ ಮರಳಿನಲ್ಲಿ ಸೋಸಿಬಂದ ನೀರಿಗೆ ಇ. ಕೋಲಿಯೊಂದೇ ಸಾಲದು, ಗಾತ್ರದಲ್ಲಿಯೂ ವರ್ತನೆಯಲ್ಲಿಯೂ ಕರುಳಿನ ವೈರಸ್‌ಗಳನ್ನು ಹೋಲುವ ಬ್ಯಾಕ್ಟೀರಿಯಭಕ್ಷಕಗಳು ಹೆಚ್ಚು ಯೋಗ್ಯ ಸೂಚಕಗಳು. 2012ರ ಮಾನಕವು ಎಂಎಸ್2 ಎಂಬ ಭಕ್ಷಕವನ್ನು ಹೆಸರಿಸಿರುವುದು ಇದೇ ಕಾರಣಕ್ಕೆ.

ನಗರದ ನಡುವೆ ಹರಿಯುವ ವಿಶ್ವಾಮಿತ್ರಿಯು ಮೊಸಳೆಗಳಿಗೆ ಪ್ರಸಿದ್ಧ. ಅದು ಕೊಳಚೆಯನ್ನೂ ಹೊರುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಅದು ಉಕ್ಕಿ ನಗರದ ವಿಸ್ತಾರ ಭಾಗ ಮುಳುಗಿತು. ಇಂತಹ ದಿನಗಳಲ್ಲಿ ನೆಲದಡಿಯ ತೊಟ್ಟಿಗೆ ನೆರೆಯ ನೀರು ಇಳಿದರೆ, ನದೀಪಾತ್ರದ ಬಾವಿ ಎಷ್ಟೇ ಶುದ್ಧವಾದ ನೀರನ್ನು ಕೊಟ್ಟರೂ ಪ್ರಯೋಜನವಾಗದು. ನೆರೆಯ ಬಳಿಕ ಮೂಲಕ್ಕಿಂತ ಮನೆಯ ತೊಟ್ಟಿಯ ಮಾದರಿಯೇ ಮುಖ್ಯವಾಗುತ್ತದೆ.

6. ಸೂರತ್: ಉಪ್ಪು, ನೆರೆ, ಮೂತ್ರ

ಸೂರತ್ ಸಮುದ್ರಕ್ಕೆ ಹತ್ತಿರ. ತಾಪಿಯ ಕೆಳಪಾತ್ರದಲ್ಲಿ ಉಬ್ಬರವಿಳಿತವಿದೆ. ಉಪ್ಪುನೀರು ಮೇಲೇರದಂತೆ 1990ರ ದಶಕದಲ್ಲಿ ಸಿಂಗನ್‌ಪೋರ್‌ನಲ್ಲಿ ಒಡ್ಡು ಕಟ್ಟಲಾಯಿತು. ಉಪ್ಪಿರುವಲ್ಲಿ ಇ. ಕೋಲಿ ಬೇಗನೆ ನಶಿಸುತ್ತದೆ. ಎಂಟರೊಕಾಕಸ್ ಹೆಚ್ಚು ಕಾಲ ಬಾಳುತ್ತದೆ. ಆದಕಾರಣ ಅಳಿವೆಯ ನೀರಿನಲ್ಲಿ ಇ. ಕೋಲಿ ಕಡಿಮೆಯೆಂದರೆ ಮಲ ಕಡಿಮೆಯೆಂದಲ್ಲ. ಭಾರತದಲ್ಲಿ ನದೀಸ್ನಾನದ ನೀರಿಗೆ ಮಲಮೂಲದ ಕೊಲಿಫಾರ್ಮ್ 100 ಮಿ.ಲೀ.ಗೆ 500 ಅಪೇಕ್ಷಣೀಯ, 2500 ಗರಿಷ್ಠ ಎಂದು ವಿಧಿಸಿರುವಲ್ಲಿಯೇ, ಮಲಮೂಲದ ಸ್ಟ್ರೆಪ್ಟೊಕಾಕಸ್ 100 ಅಪೇಕ್ಷಣೀಯ, 500 ಗರಿಷ್ಠ ಎಂದೂ ಸೇರಿಸಿರುವುದು ಉಚಿತವಾಗಿದೆ.

1994ರ ಸೆಪ್ಟೆಂಬರಿನ ಪ್ಲೇಗ್ ನೀರಿನಿಂದ ಬಂದುದಲ್ಲ. ಆದರೆ ಅದರ ಆಘಾತವು ನಗರದ ಆರೋಗ್ಯವ್ಯವಸ್ಥೆಯನ್ನೇ ಬದಲಿಸಿತು. 1995ರಿಂದ ನಗರಪಾಲಿಕೆಯ ಆಯುಕ್ತರಾಗಿದ್ದ ಎಸ್. ಆರ್. ರಾವ್ ಅವರ ಕಾಲದಲ್ಲಿ ಕಸದ ವಿಲೇವಾರಿ, ಚರಂಡಿ ಮತ್ತು ನೀರಿನ ನಿತ್ಯಪರಿಶೀಲನೆ ಶಿಸ್ತಿಗೆ ಬಂದುವು. ಇಲ್ಲಿ ಕಲಿಯಬೇಕಾದ ಪಾಠವೊಂದಿದೆ. ಇ. ಕೋಲಿಯ ಫಲಿತಾಂಶ ಬರುವ ಹೊತ್ತಿಗೆ ಪರೀಕ್ಷಿಸಿದ ನೀರನ್ನು ಜನರು ಕುಡಿದು ಮುಗಿಸಿರುತ್ತಾರೆ. ಉಳಿಕೆ ಕ್ಲೋರಿನ್ ಪರೀಕ್ಷೆ ಕೊಳಾಯಿಯ ಬಳಿಯೇ ಕೆಲವೇ ನಿಮಿಷಗಳಲ್ಲಿ ಆಗುತ್ತದೆ. ನಿನ್ನೆ ಕ್ಲೋರಿನ್ ಇದ್ದ ಬೀದಿಯಲ್ಲಿ ಇಂದು ಇಲ್ಲವಾದರೆ, ಅದನ್ನು ಏನೋ ಒಳಹೊಕ್ಕು ಬಳಸಿಕೊಂಡಿದೆ ಎಂದರ್ಥ. ಸೂಕ್ಷ್ಮಜೀವಿ ಪರೀಕ್ಷೆಯು ನಡೆದುಹೋದುದರ ತೀರ್ಪು. ಕ್ಲೋರಿನ್ ಪರೀಕ್ಷೆಯು ನಡೆಯುತ್ತಿರುವುದರ ಎಚ್ಚರಿಕೆ.

2006ರ ಆಗಸ್ಟಿನಲ್ಲಿ ಉಕಾಯ್ ಅಣೆಕಟ್ಟಿನಿಂದ ಸುಮಾರು 9 ಲಕ್ಷ ಕ್ಯೂಸೆಕ್ ನೀರು ಹೊರಬಿದ್ದು ಸೂರತ್ತಿನ ಬಹುಭಾಗ ಮುಳುಗಿತು. ದಕ್ಷಿಣ ಗುಜರಾತಿನಲ್ಲಿ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ಲೆಪ್ಟೊಸ್ಪೈರೋಸಿಸ್ ಇಂತಹ ನೀರಿನ ರೋಗ. ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವವರನ್ನು ಅದು ಹೆಚ್ಚಾಗಿ ತಾಕುತ್ತದೆ. ಅದರ ರೋಗಾಣು ಇಲಿ ಹಾಗೂ ದನಗಳ ಮೂತ್ರದಿಂದ ಬರುತ್ತದೆ, ಮಲದಿಂದಲ್ಲ. ಬಾಯಿಯಿಂದಲ್ಲದೆ ಗಾಯದ ಚರ್ಮದಿಂದಲೂ ದೇಹವನ್ನು ಹೊಗುತ್ತದೆ. ಮಲಸೂಚಕಕ್ಕೂ ಇದಕ್ಕೂ ವ್ಯಾಪ್ತಿಸಂಬಂಧವೇ ಇಲ್ಲ.

7. ರೋಗಕಾರಕಗಳ ನೇರ ಶೋಧ

ಪಿಸಿಆರ್ ವಿಧಾನವು ಬಂದ ಮೇಲೆ ಕಾಖ್‌ನ ಕಾಲದ ಆಸೆ ಹೊಸ ರೂಪದಲ್ಲಿ ಮರಳಿದೆ. ಜೀವಿಯನ್ನು ಬೆಳೆಸದೆ, ಅದರ ಜೀನ್‌ನ ಒಂದು ತುಣುಕನ್ನೇ ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸಿ ಗುರುತಿಸಬಹುದು. ಆದರೆ ಪರೀಕ್ಷೆಗೆ ಒಳಪಡುವ ದ್ರವ ಕೆಲವೇ ಮೈಕ್ರೊಲೀಟರ್. 10 ಲೀಟರ್ ನೀರಿನ 20 ಲಕ್ಷದಲ್ಲಿ ಒಂದು ಪಾಲು 5 ಮೈಕ್ರೊಲೀಟರ್. ಆದುದರಿಂದ ಮೊದಲು ವೈರಸ್‌ಗಳನ್ನು ಸಾಂದ್ರೀಕರಿಸಬೇಕು. ಆಗ ಮಣ್ಣಿನ ಹ್ಯೂಮಿಕ್ ಆಮ್ಲವೂ ಸಾಂದ್ರವಾಗಿ ಪರೀಕ್ಷೆಯನ್ನೇ ತಡೆಯಬಹುದು. ಅಲ್ಲದೆ ಸತ್ತ ರೋಗಾಣುವಿನ ಜೀನ್ ಕೂಡ ಧನಫಲವನ್ನೇ ಕೊಡುತ್ತದೆ.

ಈ ವಿಧಾನದ ಉತ್ತಮ ನಿದರ್ಶನ ಅಹಮದಾಬಾದಿನದೇ. 2020ರ ಮೇ 8 ಮತ್ತು 27ರಂದು ಪಿರಾಣಾದ ಹಳೆಯ ಕೊಳಚೆ ಶುದ್ಧೀಕರಣ ಕೇಂದ್ರದಿಂದ ಪಡೆದ ಮಾದರಿಗಳಲ್ಲಿ ಕೋವಿಡ್ ವೈರಸ್ಸಿನ ಆರ್‌ಎನ್‌ಎಯನ್ನು ಗಾಂಧಿನಗರದ ಐಐಟಿ ಹಾಗೂ ಗುಜರಾತ್ ಜೈವಿಕ ತಂತ್ರಜ್ಞಾನ ಸಂಶೋಧನ ಕೇಂದ್ರದ ವಿಜ್ಞಾನಿಗಳು ಪತ್ತೆಮಾಡಿದರು. ಭಾರತದಲ್ಲಿ ಇದು ಈ ಬಗೆಯ ಮೊದಲ ವರದಿ. ಒಳಬರುವ ಕೊಳಚೆಯಲ್ಲಿ ಕಂಡ ಜೀನ್‌ಗಳು ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲಿ ಕಾಣಲಿಲ್ಲ. ಮುಂಬಯಿಯಲ್ಲಿ 2001ರಿಂದಲೇ ಪೋಲಿಯೊ ವೈರಸ್ಸಿಗಾಗಿ ಕೊಳಚೆಯ ಪರೀಕ್ಷೆ ನಡೆದಿತ್ತು. ಇಂತಹ ಪರೀಕ್ಷೆಗಳು ಕುಡಿಯುವ ನೀರಿನ ಯೋಗ್ಯತೆಯನ್ನು ಹೇಳುವುದಿಲ್ಲ; ನಗರದ ಕರುಳಿನಲ್ಲಿ ಯಾವ ರೋಗ ಸಂಚರಿಸುತ್ತಿದೆ ಎಂದು ಹೇಳುತ್ತವೆ. ಕೊಳಚೆಯಲ್ಲಿ ಹೆಪಟೈಟಿಸ್ ಇ ಏರುತ್ತಿರುವುದು ತಿಳಿದರೆ, ಕ್ಲೋರಿನ್ ಪ್ರಮಾಣವನ್ನು ಮುಂಚಿತವಾಗಿ ಹೆಚ್ಚಿಸಲು, ಸೋರುವ ಕೊಳವೆಗಳನ್ನು ದುರಸ್ತಿ ಮಾಡಲು, ಗರ್ಭಿಣಿಯರಿಗೆ ನೀರು ಕುದಿಸಿ ಕುಡಿಯುವಂತೆ ಹೇಳಲು ಅವಕಾಶ ದೊರೆಯುತ್ತದೆ.

8. ಉಪಸಂಹಾರ

ಸೂಚಕ ಸೂಕ್ಷ್ಮಜೀವಿಗಳನ್ನು ತ್ಯಜಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅಗ್ಗವಾಗಿ, ಪ್ರತಿದಿನ, ನೂರಾರು ಸ್ಥಳಗಳಲ್ಲಿ ನಡೆಸಬಹುದಾದ ಪರೀಕ್ಷೆ ಇಂದಿಗೂ ಅದೊಂದೇ. ಇ. ಕೋಲಿ ಕಂಡುಬಂದರೆ ನೀರು ಅಯೋಗ್ಯ ಎಂಬ ನಿರ್ಣಯದಲ್ಲಿ ಸಂದೇಹಕ್ಕೆ ಎಡೆ ಕಡಿಮೆ. ಕಾಣದಿದ್ದರೆ ನೀರು ಸುರಕ್ಷಿತ ಎಂಬ ನಿರ್ಣಯಕ್ಕೆ ಮಾತ್ರ ಇತರ ಸಾಕ್ಷ್ಯಗಳು ಬೇಕು: ಉಳಿಕೆ ಕ್ಲೋರಿನ್, ಕದಡುವಿಕೆಯ ಅಳತೆ, ಕೊಳವೆಗಳ ಸ್ಥಿತಿಯ ಪರಿಶೀಲನೆ, ಪೂರಕ ಸೂಚಕಗಳು, ಅಗತ್ಯವಿದ್ದಲ್ಲಿ ರೋಗಕಾರಕಗಳ ನೇರ ಶೋಧ.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರು ಪದಗಳ ಬಗೆಗೆ ಒಂದು ಎಚ್ಚರ ವಹಿಸಬೇಕು. ತಿಳಿನೀರು ಕಣ್ಣಿಗೆ ಸಂಬಂಧಿಸಿದ ಮಾತು. ಶುದ್ಧವೆಂಬುದರಲ್ಲಿ ಮಡಿಯ ಅರ್ಥವೂ ಸೇರಿದೆ. ಸುರಕ್ಷಿತವೆಂಬುದು ಆರೋಗ್ಯದ ನಿರ್ಣಯ. ಪ್ರಯೋಗಾಲಯ ಹೇಳಬಲ್ಲದ್ದು ಇವು ಮೂರೂ ಅಲ್ಲ. ‘ಈ ಮಾದರಿಯಲ್ಲಿ, ಈ ವಿಧಾನದಿಂದ, ಇದು ಪತ್ತೆಯಾಗಲಿಲ್ಲ’ ಎಂದಷ್ಟೆ. ವರದಿಗಳಲ್ಲಿ ‘ನೀರು ಶುದ್ಧವಾಗಿದೆ’ ಎಂಬುದರ ಬದಲು ಈ ದೀರ್ಘವಾಕ್ಯವನ್ನೇ ಬರೆಯುವುದು ಲೇಸೆಂದು ನಾವು ಭಾವಿಸುತ್ತೇವೆ. ದೆಹಲಿ ಹಾಗೂ ಅಹಮದಾಬಾದಿನ ಕಾಮಾಲೆಯ ಕಾರಣ ಕೊನೆಗೂ ತಿಳಿದುಬಂದುದು, ಅಂದು ಉತ್ತರ ಸಿಕ್ಕದಿದ್ದರೂ ರಕ್ತಸಾರದ ಮಾದರಿಗಳನ್ನು ಜೋಪಾನವಾಗಿ ಕಾದಿರಿಸಿದವರಿಂದ. ನೀರಿನ ಮಾದರಿಗಳ ಹಾಗೂ ಫಲಿತಾಂಶಗಳ ವಿಷಯದಲ್ಲಿಯೂ ನಮ್ಮ ನಗರಗಳು ಅದೇ ಶಿಸ್ತನ್ನು ಪಾಲಿಸುವುದು ಅವಶ್ಯ.